ಬೈ, ವಿತ್ ಮತ್ತು ನಮ್ಮ ‘ಇಂದ’

ಕನ್ನಡದ ‘ಇಂದ’ ನಮ್ಮ ಕೇರಿಯ ಆಳಿನ ಹಾಗೆ. ಹೇಳಿದ ಕೆಲಸವನ್ನೆಲ್ಲ ಮಾಡುತ್ತದೆ. ಕೊಡಲಿಯಿಂದ ಕಡಿದ ಅಂದರೆ ಆಯುಧ ಹೊರುತ್ತದೆ. ಗೌಡರಿಂದ ಆಯಿತು ಅಂದರೆ ಯಜಮಾನನನ್ನು ಹೊರುತ್ತದೆ. ಮೈಸೂರಿನಿಂದ ಬಂದ, ಬೆಳಗಿನಿಂದ ಕಾದ, ಹಸಿವಿನಿಂದ ಸತ್ತ. ಊರು, ಹೊತ್ತು, ಕಾರಣ ಎಲ್ಲವೂ ಅದರ ತಲೆ ಮೇಲೆ. ಇಂಗ್ಲಿಷಿನಲ್ಲಿ ಈ ಹೊರೆಯನ್ನು ಐದಾರು ಪದಗಳಿಗೆ ಹಂಚಿದ್ದಾರೆ. ಅವುಗಳಲ್ಲಿ ಎರಡನ್ನು, ಬೈ ಮತ್ತು ವಿತ್ ಎಂಬುವನ್ನು, ನಮ್ಮ ಹುಡುಗರು ಸದಾ ಅದಲುಬದಲು ಮಾಡುತ್ತಾರೆ. ಬ್ಯಾಂಕಿನ ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬುವಾಗ ಇದಕ್ಕೆ ಒಂದು ಮಾರ್ಕು ಹೋಗುತ್ತದೆ. ಒಂದು ಮಾರ್ಕಿಗೆ ಕೆಲಸ ಹೋಗುವ ಕಾಲ ಇದು, ಆದ್ದರಿಂದ ಅದನ್ನು ನಾನು ಹಗುರವಾಗಿ ಹೇಳುತ್ತಿಲ್ಲ. ಆದರೆ ಹೋಗುವುದು ಬರೀ ಮಾರ್ಕಲ್ಲ. ಕವಿತೆ ಬರೆಯೋನಿಗೆ ವ್ಯಾಕರಣದ ಗೊಡವೆ ಯಾಕೆ ಎಂದು ಗೆಳೆಯರು ನಗಬಹುದು. ನಗಲಿ.

ವಾರಕ್ಕೆ ಮೂರು ಸಂಜೆ ನಮ್ಮೂರಿನ ಅಂಬೇಡ್ಕರ್ ಭವನದಲ್ಲಿ ಹತ್ತನೇ ಕ್ಲಾಸಿನವರಿಗೂ ಪಿಯುಸಿಯವರಿಗೂ ಇಂಗ್ಲಿಷ್ ಹೇಳಿಕೊಡುತ್ತೇನೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲಿಗ. ಹಾಗಾಗಿ ಕೇರಿಯ ಅರ್ಜಿಗಳೂ ನನ್ನ ಪಾಲು, ಪಾಠವೂ ನನ್ನ ಪಾಲು. ಬೋರ್ಡಿನ ಮೇಲೆ ‘ಬೈ’ ಎಂದು ಬರೆದು ಓದಿ ಹೇಳಿದ ದಿನ ಹಿಂದಿನ ಸಾಲಿನಿಂದ ಒಬ್ಬ, ‘ಯಾರ್ನ ಬೈಬೇಕಣ್ಣ?’ ಅಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆದರೆ ಆ ಹುಡುಗ ಕೇಳಿದ್ದೇ ಸರಿಯಾದ ಪ್ರಶ್ನೆ. ಬೈ ಎಂಬ ಪದ ಬಂದಲ್ಲಿ ಯಾರು ಎಂಬ ಪ್ರಶ್ನೆ ಹಿಂದೆಯೇ ಬರಬೇಕು.

ಅದೇ ಹುಡುಗ ಆಮೇಲೆ ಬರೆದ ವಾಕ್ಯ ಇದು: ‘ಹೀ ವಾಸ್ ಬೀಟನ್ ಬೈ ಎ ಸ್ಟಿಕ್.’ ಕನ್ನಡದಲ್ಲಿ ‘ಅವನಿಗೆ ಕೋಲಿನಿಂದ ಹೊಡೆದರು’ ಅನ್ನುವುದನ್ನು ಮನಸ್ಸಿನಲ್ಲಿಟ್ಟುಕೊಂಡು ‘ಇಂದ’ ಇದ್ದಲ್ಲಿ ಬೈ ಹಾಕಿದ್ದಾನೆ. ಇಂಗ್ಲಿಷ್ ಓದುವವನಿಗೆ ಇದು, ಕೋಲೇ ಎದ್ದು ಬಂದು ಹೊಡೆಯಿತು ಅನ್ನುವ ಹಾಗೆ ಕೇಳುತ್ತದೆ. ಕೋಲು ಹೊಡೆಯುವುದಿಲ್ಲ, ಕೋಲು ಹಿಡಿದವನು ಹೊಡೆಯುತ್ತಾನೆ. ಹಿಡಿದವನಿಗೆ ಬೈ, ಹಿಡಿದದ್ದಕ್ಕೆ ವಿತ್. ‘ಬೈ ದ ಲ್ಯಾಂಡ್‌ಲಾರ್ಡ್, ವಿತ್ ಎ ಸ್ಟಿಕ್.’

ಹಳ್ಳಿಯ ಮೇಷ್ಟ್ರುಗಳಿಗೆ ಒಂದು ಮಾತು. ಇನ್‌ಸ್ಟ್ರುಮೆಂಟು, ಏಜೆಂಟು ಎಂದು ಹೇಳಿ ಮಕ್ಕಳನ್ನು ಹೆದರಿಸಬೇಡಿ. ಏಜೆಂಟು ಅಂದರೆ ನಮ್ಮ ಮಕ್ಕಳಿಗೆ ಗೊತ್ತಿರುವುದು ಬಸ್‌ಸ್ಟ್ಯಾಂಡಿನ ಏಜೆಂಟು, ಎಲ್‌ಐಸಿ ಏಜೆಂಟು. ಮನೆಯ ಮಾತಿನಲ್ಲೇ ಹೇಳಿಕೊಡುವುದಕ್ಕೆ ದಾರಿ ಇದೆ. ‘ಇಂದ’ ಇರುವ ಕಡೆ ‘ತಗೊಂಡು’ ಎಂದು ಹಾಕಿ ನೋಡಿ. ಕೋಲು ತಗೊಂಡು ಹೊಡೆದ, ಬೀಗದಕೈ ತಗೊಂಡು ತೆಗೆದ, ಸೀಮೆಎಣ್ಣೆ ತಗೊಂಡು ಸುಟ್ಟ. ಕೂತರೆ ಅದು ವಿತ್. ‘ಗೌಡ್ರು ತಗೊಂಡು ಹೊಡೆದ’ ಅಂದರೆ ಮಕ್ಕಳೇ ನಗುತ್ತವೆ. ಅಲ್ಲಿಗೆ ವಿತ್ ಹಾಕಬಾರದು ಎಂದು ಅವಕ್ಕೆ ತಿಳಿಯಿತು. ನಮ್ಮ ಕಡೆ ಆಡುಮಾತಿನಲ್ಲಿ ಸಾಧನಕ್ಕೆ ‘ಇಂದ’ ಬರುವುದೇ ಕಡಿಮೆ. ಕತ್ತೀಲಿ ಕುಯ್ದ, ಕೋಲಲ್ಲಿ ಹೊಡ್ದ ಅನ್ನುತ್ತೇವೆ. ಪುಸ್ತಕದ ಕನ್ನಡ ಬೆರೆಸುವುದನ್ನು ಅಜ್ಜಿಯ ಕನ್ನಡ ಬೇರೆ ಮಾಡಿಯೇ ಇಟ್ಟಿದೆ.

ಪುಸ್ತಕದ ಕನ್ನಡದ ಮಾತು ಬಂತು, ಒಂದು ತಮಾಷೆ ಹೇಳಿ ಮುಂದೆ ಹೋಗುತ್ತೇನೆ. ಶಾಲೆಯಲ್ಲಿ ನಮಗೆ ಏಳು ವಿಭಕ್ತಿ ಉರು ಹೊಡೆಸಿದರು. ತೃತೀಯಕ್ಕೆ ಇಂದ, ಪಂಚಮಿಗೆ ದೆಸೆಯಿಂದ. ‘ಮರದ ದೆಸೆಯಿಂದ ಹಣ್ಣು ಬಿತ್ತು’ ಎಂದು ಯಾವ ತಾಯಿಯ ಮಗನೂ ಮಾತಾಡುವುದಿಲ್ಲ. ಮರದಿಂದ ಬಿತ್ತು ಅನ್ನುತ್ತೇವೆ, ಅದೇ ತೃತೀಯದ ಇಂದ. ಸಂಸ್ಕೃತದಲ್ಲಿ ಪಂಚಮಿ ಬೇರೆ ಇದೆ, ಆದ್ದರಿಂದ ಕನ್ನಡದಲ್ಲೂ ಇರಲೇಬೇಕು ಎಂದು ಒಂದು ಗುಡಿಸಲು ಕಟ್ಟಿ ಕೂರಿಸಿದ್ದಾರೆ. ಡಿ.ಎನ್. ಶಂಕರ ಭಟ್ಟರಂಥ ಭಾಷಾವಿಜ್ಞಾನಿಗಳು ಕನ್ನಡಕ್ಕೆ ಬೇರೆ ಪಂಚಮಿ ಬೇಕಿಲ್ಲ ಎಂದು ಬರೆದರು. ವ್ಯಾಕರಣದಲ್ಲೂ ಪಂಚಮನಿಗೆ ಸ್ವಂತ ಮನೆಯಿಲ್ಲ ನೋಡಿ!

ಈಗ ಕಲ್ಲಿನ ಮಾತಿಗೆ ಬರೋಣ, ಅಲ್ಲಿದೆ ಗುಟ್ಟು.

‘ಅವನು ಕಲ್ಲಿನಿಂದ ಸತ್ತ.’ ಇದನ್ನು ಇಂಗ್ಲಿಷಿಗೆ ಮಾಡಿ ಅಂದರೆ ಎರಡು ವಾಕ್ಯ ಆಗುತ್ತದೆ. ‘ಹೀ ವಾಸ್ ಕಿಲ್ಡ್ ಬೈ ಎ ಸ್ಟೋನ್.’ ಗುಡ್ಡದ ಮೇಲಿಂದ ಕಲ್ಲು ಉರುಳಿತು, ಕೆಳಗೆ ಇವನು ಸಿಕ್ಕಿಕೊಂಡ, ಸತ್ತ. ಯಾರ ಕೈಯೂ ಇಲ್ಲ. ‘ಹೀ ವಾಸ್ ಕಿಲ್ಡ್ ವಿತ್ ಎ ಸ್ಟೋನ್.’ ಯಾರೋ ಕಲ್ಲು ಎತ್ತಿ ಹಾಕಿದರು. ಯಾರು ಎಂದು ವಾಕ್ಯ ಹೇಳುವುದಿಲ್ಲ, ಆದರೆ ಒಂದು ಕೈ ಇತ್ತು ಎಂದು ಹೇಳಿಬಿಡುತ್ತದೆ. ಮೊದಲನೆಯದು ಆಕಸ್ಮಿಕ, ಎರಡನೆಯದು ಕೊಲೆ. ನಡುವೆ ಇರುವುದು ಒಂದು ಪುಟ್ಟ ಪದ. ದಾರಿಯ ವಿಷಯವೂ ಹೀಗೇ. ದಾರಿ ‘ಬೈ ಎ ಟ್ರೀ’ ಮುಚ್ಚಿತು ಅಂದರೆ ಗಾಳಿಗೆ ಮರ ಬಿತ್ತು. ‘ವಿತ್ ಥಾರ್ನ್ಸ್’ ಮುಚ್ಚಿತ್ತು ಅಂದರೆ ನಾವು ನೀರಿಗೆ ಹೋಗುವ ದಾರಿಗೆ ಯಾರೋ ಮುಳ್ಳು ತಂದು ಹಾಕಿದ್ದಾರೆ. ಮುಳ್ಳು ತಾನಾಗಿ ಬಂದು ಮಲಗುವುದಿಲ್ಲ ಎಂಬುದು ವಿತ್ ಅನ್ನುವ ಪದಕ್ಕೆ ಗೊತ್ತು.

ಪಾಠದ ದಿನ ಇದನ್ನು ಹೇಳಿದಾಗ ಗಲಾಟೆ ನಿಂತಿತು. ನಗು ಹೋದದ್ದು ಹೆದರಿ ಅಲ್ಲ. ಆ ಮಕ್ಕಳಿಗೆ ಉದಾಹರಣೆಗಳನ್ನು ನಾನು ಕೊಡಬೇಕಾಗಿರಲಿಲ್ಲ.

ಇಷ್ಟು ಹೇಳಿ ಇಂಗ್ಲಿಷಿನವರು ಬಹಳ ಶಿಸ್ತಿನವರು ಎಂದು ಯಾರೂ ತಿಳಿಯಬಾರದು. ಅವರದೂ ಗೋಜಲೇ. ಹಳೆಯ ಇಂಗ್ಲಿಷಿನಲ್ಲಿ ವಿತ್ ಎಂದರೆ ಎದುರು, ವಿರುದ್ಧ ಎಂದು ಅರ್ಥ. ಜೊತೆ ಅನ್ನುವುದಕ್ಕೆ ‘ಮಿಡ್’ ಎಂಬ ಬೇರೆ ಪದವಿತ್ತು. ಆ ಮಿಡ್ ಸತ್ತುಹೋಗಿ ಮಿಡ್‌ವೈಫ್ ಎಂಬಲ್ಲಿ ಮಾತ್ರ ಉಳಿದಿದೆ, ಹೆಂಗಸಿನ ಜೊತೆ ಇರುವವಳು, ನಮ್ಮ ಸೂಲಗಿತ್ತಿ. ವಿತ್‌ಸ್ಟ್ಯಾಂಡ್ ಎಂಬಲ್ಲಿ ಹಳೆಯ ವಿರೋಧ ಇನ್ನೂ ಇದೆ, ಎದುರಿಸಿ ನಿಲ್ಲುವುದು. ‘ಅವನ ಜೊತೆ ಜಗಳ’ ಅಂದಾಗ ನಮ್ಮ ‘ಜೊತೆ’ಯಲ್ಲೂ ಎರಡೂ ಇವೆ. ಬೈ ಅಂದರೆ ಮೊದಲು ಬರೀ ‘ಪಕ್ಕ’ ಎಂದು ಅರ್ಥ. ಮಾಡಿದವನನ್ನು ತೋರಿಸಲು ಒಂದು ಕಾಲದಲ್ಲಿ ‘ಫ್ರಮ್’ ಹಾಕುತ್ತಿದ್ದರು, ಆಮೇಲೆ ‘ಆಫ್’ ಹಾಕಿದರು. 1611ರ ಇಂಗ್ಲಿಷ್ ಬೈಬಲಿನಲ್ಲಿ ಆ ‘ಆಫ್’ ಇನ್ನೂ ಸಿಗುತ್ತದೆ. ಷೇಕ್ಸ್‌ಪಿಯರನ ಕಾಲದಲ್ಲಿ ಮಾಡಿದವನಿಗೂ ವಿತ್ ಹಾಕಿದ್ದುಂಟು. ನಮ್ಮ ಹುಡುಗ ಮಾಡುವ ತಪ್ಪನ್ನೇ ತಿರುಗಿಸಿ ಅವರೂ ಮಾಡಿದ್ದಾರೆ, ಅದನ್ನು ಸಾಹಿತ್ಯ ಅಂದಿದ್ದಾರೆ. ಇಂಗ್ಲಿಷ್ ಮಾತಾಡಲು ಹೋಗಿ ತಡವರಿಸುವ ತಮ್ಮ, ತಂಗಿಯರು ಇದನ್ನು ನೆನಪಿಟ್ಟುಕೊಳ್ಳಲಿ.

ಇನ್ನೊಂದು ಗೋಜಲು ನಮ್ಮ ಕಾನೂನಿನದು. 1860ರ ಭಾರತೀಯ ದಂಡ ಸಂಹಿತೆಯ 324ನೇ ಸೆಕ್ಷನ್ನಿನ ತಲೆಬರಹದಲ್ಲಿ ಅಪಾಯಕಾರಿ ಆಯುಧಗಳ ಹಿಂದೆ ವಿತ್ ಇಲ್ಲ, ಬೈ ಇದೆ. 2024ರ ಜುಲೈ 1ರಿಂದ ಹಳೆಯ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಅದರ 118ನೇ ಸೆಕ್ಷನ್ನಿಗೂ ಆ ಬೈ ಹಾಗೇ ಬಂದಿದೆ. ‘ಮೂಲಕ’ ಎಂಬ ಅರ್ಥದ ‘ಬೈ ಮೀನ್ಸ್ ಆಫ್’ ಅನ್ನುವುದು ಮೊಟಕಾಗಿ ಹೀಗಾಗಿದೆ ಎಂದು ತಿಳಿದುಕೊಂಡರೆ ಸಾಕು. ಪೊಲೀಸ್ ಸ್ಟೇಷನ್ನಿನ ಇಂಗ್ಲಿಷಿನಲ್ಲಿ ‘ಬೈ ಕ್ಲಬ್’, ‘ಬೈ ಚಾಪರ್’ ಎಂದು ಕಂಡರೆ ಗಾಬರಿಯಾಗಬೇಡಿ. ‘ಬೈ ಬಸ್’, ‘ಬೈ ಪೋಸ್ಟ್’ ಅನ್ನುವುದೂ ಇದೇ ಮನೆಯದು, ದಾರಿ ಅಥವಾ ರೀತಿ ಹೇಳುವುದು. ಆಗ ನಡುವೆ ‘ಎ’ಯೂ ಬರುವುದಿಲ್ಲ, ‘ದ’ಯೂ ಬರುವುದಿಲ್ಲ. ‘ಬೈ ಹ್ಯಾಂಡ್’, ಆದರೆ ‘ವಿತ್ ಮೈ ಹ್ಯಾಂಡ್ಸ್’. ಕ್ರಿಯೆಯ ಹಿಂದೆಯೂ ಬೈ: ‘ಬೈ ಪುಲ್ಲಿಂಗ್ ದ ರೋಪ್’, ಹಗ್ಗ ಎಳೆದು. ತುಂಬಿದ್ದು, ಮುಚ್ಚಿದ್ದು ಸಾಮಾನ್ಯವಾಗಿ ವಿತ್. ಇವನ್ನು ಹತ್ತು ಸಲ ಬರೆದರೆ ಕೈಗೆ ಬರುತ್ತವೆ, ಇದರಲ್ಲಿ ತತ್ವ ಏನೂ ಇಲ್ಲ.

ತತ್ವ ಇರುವುದು ಕಟ್ಟಿದವರ ವಿಷಯದಲ್ಲಿ. ‘ಕೆಆರ್‌ಎಸ್ ಡ್ಯಾಮ್ ವಾಸ್ ಬಿಲ್ಟ್ ಬೈ ವಿಶ್ವೇಶ್ವರಯ್ಯ.’ ನಮ್ಮ ಕ್ಲಾಸಿನಲ್ಲಿ ಇದನ್ನು ತಪ್ಪಿಲ್ಲದೆ ಬರೆಯದ ಮಗುವಿಲ್ಲ. ವಿತ್ ಹಾಕಿ ಉದ್ದ ಮಾಡಿ ಅಂದೆ. ಕಲ್ಲು ಅಂದರು, ಒಬ್ಬಳು ಸುರ್ಕಿಗಾರೆ ಅಂದಳು. ಸರಿಯೇ, ಆ ಕಟ್ಟೆಗೆ ಹಾಕಿದ್ದು ಸಿಮೆಂಟಲ್ಲ, ಸುರ್ಕಿ. ಬೈ ಪಕ್ಕದಲ್ಲಿ ವಿಶ್ವೇಶ್ವರಯ್ಯ, ವಿತ್ ಪಕ್ಕದಲ್ಲಿ ಕಲ್ಲು, ಸುರ್ಕಿ. ಕಲ್ಲು ಹೊತ್ತವರು ಎಲ್ಲಿ? ಅವರು ಮಾಡಿದವರ ಸಾಲಿನಲ್ಲೂ ಇಲ್ಲ, ಸಾಮಾನಿನ ಸಾಲಿನಲ್ಲೂ ಇಲ್ಲ. 1911ರಲ್ಲಿ ಶುರುವಾದ ಕೆಲಸ ಇಪ್ಪತ್ತು ವರ್ಷ ನಡೆಯಿತು. ವಿಶ್ವೇಶ್ವರಯ್ಯನವರು 1918ರಲ್ಲೇ ದಿವಾನಗಿರಿ ಬಿಟ್ಟರು. ಕಲ್ಲು ಹೊರುವವರು ಬಿಡುವ ಹಾಗಿರಲಿಲ್ಲ. ಆ ಎಂಜಿನಿಯರರ ಬುದ್ಧಿಶಕ್ತಿಯ ಬಗ್ಗೆ ನನಗೆ ತಕರಾರಿಲ್ಲ, ವಾಕ್ಯದ ಬಗ್ಗೆ ಇದೆ.

ಈ ವಿಷಯದಲ್ಲಿ ಕನ್ನಡ ಇಂಗ್ಲಿಷಿಗಿಂತ ಪ್ರಾಮಾಣಿಕ ಎಂದು ನನ್ನ ತೀರ್ಮಾನ. ನಮ್ಮ ಶಾಸನಗಳಲ್ಲಿ ರಾಜರು ಕೆರೆ ಕಟ್ಟಿಸುತ್ತಾರೆ, ಗುಡಿ ಮಾಡಿಸುತ್ತಾರೆ. ಆ ‘ಇಸು’ ನೋಡಿ. ಕಟ್ಟಿದ ಬೇರೆ, ಕಟ್ಟಿಸಿದ ಬೇರೆ. ದೊರೆಗಳು ಎಷ್ಟೇ ಬಿರುದು ಹಾಕಿಕೊಂಡರೂ ಭಾಷೆ ಮಾತ್ರ, ಕಟ್ಟಿದವನು ನೀನಲ್ಲ, ಕಟ್ಟಿಸಿದವನು ಎಂದು ಕಲ್ಲಿನ ಮೇಲೇ ಬರೆದುಬಿಟ್ಟಿದೆ. ಅದನ್ನು ಇಂಗ್ಲಿಷಿಗೆ ತಂದು ಪ್ರವಾಸಿಗರ ಬೋರ್ಡಿನ ಮೇಲೆ ‘ಬಿಲ್ಟ್ ಬೈ’ ಎಂದು ಹಾಕಿದ ಕೂಡಲೇ ‘ಇಸು’ ಉದುರಿಹೋಗುತ್ತದೆ, ಅದರ ಹಿಂದೆ ನಿಂತಿದ್ದ ಜನವೂ ಉದುರಿಹೋಗುತ್ತಾರೆ. ಇಂಗ್ಲಿಷಿಗೆ ಇದು ಬರುವುದಿಲ್ಲ ಎಂದಲ್ಲ. ‘ಗೌಡ್ರು ನಮ್ಮಪ್ಪನ ಕೈಲಿ ಬಾವಿ ತೋಡಿಸಿದರು’ ಎಂಬುದನ್ನು ‘ದ ಗೌಡ ಹ್ಯಾಡ್ ದ ವೆಲ್ ಡಗ್ ಬೈ ಮೈ ಫಾದರ್’ ಎಂದು ಹೇಳಬಹುದು. ಬೈ ನಮ್ಮಪ್ಪನಿಗೇ ಬರುತ್ತದೆ! ಕನ್ನಡದಲ್ಲಿ ಅಪ್ಪನ ‘ಕೈ’ ಮಾತ್ರ ಇತ್ತು, ಇಂಗ್ಲಿಷಿನಲ್ಲಿ ಅಪ್ಪನೇ ಬಂದ. ಈ ವಾಕ್ಯವನ್ನು ಮನೆಯಲ್ಲಿ ಓದಿ ಅರ್ಥ ಹೇಳಿದೆ. ಅಪ್ಪ, ‘ಆ ಬಾವೀಲಿ ನೀರು ಸೇದಕ್ಕೆ ಬುಟ್ರಾ ಅನ್ನೋದ್ನ ಯಾವ್ ಪದದಲ್ಲಿ ಬರೀತಾರೆ?’ ಅಂತ ಕೇಳಿದರು.

ಇನ್ನು ಬೈ ಇಲ್ಲವೇ ಇಲ್ಲದ ವಾಕ್ಯಗಳು. ಇಂಗ್ಲಿಷಿನ ಕರ್ಮಣಿ ಪ್ರಯೋಗದಲ್ಲಿ ಬೈ ಬಿಡಬಹುದು, ವ್ಯಾಕರಣ ಸುಮ್ಮನಿರುತ್ತದೆ. ಕೊಲ್ಲಲಾಯಿತು, ಸುಡಲಾಯಿತು, ಬಹಿಷ್ಕರಿಸಲಾಯಿತು. ಸಂವಿಧಾನದ 17ನೇ ವಿಧಿಯೇ ಹಾಗಿದೆ. ಅಸ್ಪೃಶ್ಯತೆಯನ್ನು ರದ್ದುಪಡಿಸಲಾಗಿದೆ, ಅದರ ಆಚರಣೆಯನ್ನು ನಿಷೇಧಿಸಲಾಗಿದೆ. ಆಚರಿಸುವವರು ಯಾರು ಎಂದು ಅಲ್ಲಿ ಇಲ್ಲ. ಮೂಲ ಹಕ್ಕನ್ನು ಬರೆಯುವ ರೀತಿ ಅದು, ನಾನು ತಪ್ಪು ಹುಡುಕುತ್ತಿಲ್ಲ. ಆದರೆ 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಬಂದಾಗಲೂ ‘ಯಾರೇ ಆಗಲಿ’ ಎಂದಷ್ಟೇ ಇತ್ತು. ಪರಿಶಿಷ್ಟ ಜಾತಿ ಅಥವಾ ಪರಿಶಿಷ್ಟ ಪಂಗಡಕ್ಕೆ ಸೇರದ ಯಾರೇ ಆಗಲಿ ಎಂದು ಕಾನೂನು ಬಾಯಿ ಬಿಟ್ಟು ಹೇಳಿದ್ದು 1989ರ ದೌರ್ಜನ್ಯ ತಡೆ ಕಾಯಿದೆಯ 3ನೇ ಸೆಕ್ಷನ್ನಿನಲ್ಲಿ. ಬಿಟ್ಟ ಸ್ಥಳ ತುಂಬುವುದಕ್ಕೆ ಗಣರಾಜ್ಯಕ್ಕೆ ಹತ್ತಿರಹತ್ತಿರ ನಲವತ್ತು ವರ್ಷ ಹಿಡಿಯಿತು.

ಕಾಗದದ ಮೇಲೆ ತುಂಬಿದರು, ಕೋರ್ಟಿನಲ್ಲಿ? 2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಕೆಳಗಿನ ಕೋರ್ಟು ಆರೋಪಿಗಳನ್ನು ಬಿಡುಗಡೆ ಮಾಡಿತು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಜನ ಸತ್ತದ್ದು ದಾಖಲೆಯಲ್ಲಿದೆ. ಬೆಂಕಿ ದಾಖಲೆಯಲ್ಲಿದೆ. ಬೈ ಮುಂದಿನ ಜಾಗ ಖಾಲಿ.

ಒಳಚರಂಡಿಯ ಸಾವುಗಳಲ್ಲಿ ಇನ್ನೊಂದು ಉಪಾಯ ನಡೆಯುತ್ತದೆ. ಅಲ್ಲಿ ಬೈ ಇರುತ್ತದೆ, ಅದರ ಪಕ್ಕದಲ್ಲಿ ಮನುಷ್ಯನ ಬದಲು ಅನಿಲವನ್ನು ಕೂರಿಸಿರುತ್ತಾರೆ. ‘ವಿಷಾನಿಲದಿಂದ ಕಾರ್ಮಿಕರ ಸಾವು.’ ಗುಡ್ಡದಿಂದ ಉರುಳಿದ ಕಲ್ಲಿನ ಹಾಗೆ ಅನಿಲವೇ ಕೊಂದಿತು. ಮ್ಯಾನ್‌ಹೋಲಿಗೆ ಇಳಿಸಿದವನ ‘ಇಸು’ ಎಲ್ಲಿ ಹೋಯಿತು? ಇಳಿದರು ಎಂದು ಬರೆಯುತ್ತಾರೆ, ಇಳಿಸಿದರು ಎಂದು ಬರೆಯುವುದಿಲ್ಲ. ಸುಪ್ರೀಂ ಕೋರ್ಟು 2014ರಲ್ಲಿ ಇಂಥ ಸಾವಿಗೆ 10 ಲಕ್ಷ ಪರಿಹಾರ ಅಂದಿತು, 2023ರಲ್ಲಿ 30 ಲಕ್ಷಕ್ಕೆ ಏರಿಸಿತು. ಪರಿಹಾರ ಬರಲಿ, ಬೇಡ ಅನ್ನುವವನು ನಾನಲ್ಲ. ಪತ್ರಿಕೆ ಸೇರಿರುವ ನಮ್ಮ ಹುಡುಗರು ‘ಇಳಿಸಿದರು’ ಎಂಬ ಒಂದು ಅಕ್ಷರವನ್ನಾದರೂ ಹಟ ಹಿಡಿದು ಉಳಿಸಬೇಕು.

ಇಷ್ಟೆಲ್ಲ ನನಗೆ ಹತ್ತಿದ್ದು ಒಂದು ಅರ್ಜಿಯ ಕಾರಣಕ್ಕೆ. ನಾನು ಹುಟ್ಟುವ ಮೊದಲು ನಮ್ಮ ಕೇರಿಯ ಮೂರು ಗುಡಿಸಲು ಸುಟ್ಟುಹೋದವು, ಒಂದು ನಮ್ಮ ಅಜ್ಜಿಯದು. ಆ ಜಾಗಕ್ಕೆ ಇವತ್ತಿಗೂ ಹಕ್ಕುಪತ್ರ ಇಲ್ಲ. ಎಲ್ಲ ಕಡೆ ಅಲೆದು ಸಾಕಾಗಿ, ಈ ಸಲ ದೆಹಲಿಗೇ ಬರೆಯೋಣ, ಇಂಗ್ಲಿಷಿನಲ್ಲಿ ಬರಿ ಅಂದರು ಹಿರಿಯರು. ಅಜ್ಜಿಯ ಟ್ರಂಕಿನಲ್ಲಿ ಆಗಿನ ಒಂದು ಕಾಗದವಿತ್ತು. ಅದರಲ್ಲಿ ‘ಬೆಂಕಿಯಿಂದ ನಾಶವಾದ ಗುಡಿಸಲುಗಳು’ ಎಂದಿತ್ತು. ಅನುವಾದಕ್ಕೆ ಕೂತೆ. ‘ಡೆಸ್ಟ್ರಾಯ್ಡ್ ಬೈ ಫೈರ್’ ಎಂದು ಪೆನ್ನು ತಾನಾಗಿ ಬರೆಯಲು ಹೋಯಿತು, ಕಾಗದದಲ್ಲಿರುವುದೂ ಅದೇ ಅರ್ಥವೇ. ‘ಬೆಂಕಿ ಹೆಂಗೆ ಬಿತ್ತು ಅಜ್ಜಿ?’ ಅಂದೆ. ‘ಬೆಂಕಿಗೇನು ಕಾಲಿದ್ದಾವ್ಲಾ ಮಗ, ತಾನೇ ನಡ್ಕಬರಕೆ? ತಂದಿಕ್ಕುದ್ರು’ ಅಂದಳು. ಬೈ, ವಿತ್ ಎಂಬ ಭೇದವನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ವ್ಯಾಕರಣವನ್ನು ನಾನು ಓದಿಲ್ಲ.

ಸರಿ, ಬೈ ಹಾಕಿ ಹೆಸರು ಬರೆಯೋಣ ಅಂದೆ. ಜಗಲಿಯ ಮೇಲೆ ಕೂತಿದ್ದವರು ಸುಮ್ಮನಾದರು. ಹೆಸರು ಎಲ್ಲರಿಗೂ ಗೊತ್ತು. ದೊಡ್ಡಪ್ಪ ಬೀಡಿ ಆರಿಸಿ, ‘ಹೆಸ್ರು ಬ್ಯಾಡ ಮಗ. ಅವರ ಮಕ್ಕಳ ಗದ್ದೆಗೇ ನಾಟಿಗೋಗ್ತಾವ್ರೆ ನಮ್ಮೆಂಗಸ್ರು. ನೀನು ನಾಳೆ ಬೆಂಗಳೂರಿಗೆ ಹೋಯ್ತೀಯ’ ಅಂದರು. ಅವರ ಮಾತು ಹೇಡಿತನ ಎಂದು ಹೇಳಲು ನನಗೆ ಬಾಯಿಲ್ಲ. ಕೊನೆಗೆ ‘ವರ್ ಬರ್ನ್ಟ್ ಡೌನ್ ವಿತ್ ಕೆರೋಸಿನ್’ ಎಂದು ಬರೆದೆ. ಸೀಮೆಎಣ್ಣೆ ತಗೊಂಡು ಸುಟ್ಟದ್ದು. ಒಂದು ಕೈ ಇತ್ತು ಎಂಬುದು ಅದರಲ್ಲಿದೆ. ಯಾರ ಕೈ ಎಂದು ಕೇಳಬೇಕೋ ಬೇಡವೋ ಅನ್ನುವುದು ದೆಹಲಿಯಲ್ಲಿ ಓದುವವನಿಗೆ ಬಿಟ್ಟದ್ದು.

ಅಜ್ಜಿಗೆ ಕನ್ನಡದಲ್ಲಿ ಹೇಳಿದೆ. ‘ಯಾರು ಅಂತ ಅವ್ರು ಕೇಳುದ್ರೆ ನನ್ನ ಕರ್ಕೊಂಡೋಗು, ನಾನೇಳ್ತೀನಿ. ನಾನು ಯಾರ ಗದ್ದೆಗೂ ಹೋಗಂಗಿಲ್ಲ ಈಗ’ ಅಂದಳು. ಅರ್ಜಿಯ ಕೆಳಗೆ ಅವಳದೇ ಮೊದಲ ಹೆಬ್ಬೆಟ್ಟು. ಸೋಮವಾರ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ್ದೇವೆ.